ಆಕಾಶಕ್ಕೂ ಗಡಿ ಉಂಟು

ಏಳನೇ ತರಗತಿಯಲ್ಲಿ ಏಷ್ಯಾ ಖಂಡದ ಭೂಪಟ ತೋರಿಸುತ್ತಿದ್ದೆ. ಭಾರತ, ಪಾಕಿಸ್ತಾನ, ಇರಾನ್ ಎಂದು ಒಂದೊಂದು ದೇಶದ ಗೆರೆಯ ಮೇಲೆ ಕೋಲು ಆಡಿಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ಈ ಗೆರೆ ಮೇಲೆ ಆಕಾಶದಲ್ಲೂ ಉಂಟಾ? ನಮ್ಮ ಅಬ್ಬ ದಮ್ಮಾಮಿಗೆ ಹೋಗುವಾಗ ಅದನ್ನು ದಾಟ್ಲಿಕ್ಕೆ ಯಾರ ಹತ್ತಿರ ಕೇಳ್ತಾರೆ?"

ತರಗತಿ ನಕ್ಕಿತು. ನನಗೆ ಮಾತ್ರ ಆ ಪ್ರಶ್ನೆ ನಗುವಂಥದ್ದು ಎನಿಸಲಿಲ್ಲ. ಅವಳ ಅಬ್ಬ ಯಾರ ಹತ್ತಿರವೂ ಕೇಳಬೇಕಿಲ್ಲ, ನಿಜ. ಟಿಕೆಟ್, ಪಾಸ್‌ಪೋರ್ಟ್, ವೀಸಾ ಇದ್ದರೆ ಸಾಕು. ಮೇಲಿನ ಗೆರೆಗಳನ್ನು ದಾಟುವ ತಲೆಬಿಸಿ ವಿಮಾನ ಕಂಪೆನಿಯದು. ಆದರೆ ಒಬ್ಬರು ಸ್ವಂತ ಪುಟ್ಟ ವಿಮಾನದಲ್ಲಿ ಒಬ್ಬರೇ ಹೊರಟರೆ? ಆಗ ಪೈಲಟ್ ಅವರೇ, ಪ್ರಯಾಣಿಕರು ಅವರೇ, ಕಂಪೆನಿಯೂ ಅವರೇ. ಗಡಿಯಲ್ಲಿ ಕೇಳುವ ಪ್ರತಿಯೊಂದು ಪ್ರಶ್ನೆಗೂ ಅವರೇ ಉತ್ತರ ಕೊಡಬೇಕು.

ಹಾಗೆ ಉತ್ತರ ಕೊಡುತ್ತಾ ಇಡೀ ಭೂಮಿಯನ್ನು ಸುತ್ತಿ ಬಂದ ಮೊದಲ ಮಹಿಳೆ ಒಬ್ಬ ಗೃಹಿಣಿ. ಹೆಸರು ಜೆರಾಲ್ಡಿನ್ ಮಾಕ್. ಎಲ್ಲರೂ ಕರೆಯುತ್ತಿದ್ದುದು ಜೆರ್ರಿ ಮಾಕ್ ಎಂದು. ಅಮೆರಿಕದ ಓಹಿಯೋ ರಾಜ್ಯದ ಕೊಲಂಬಸ್ ನಗರದವರು. 1964ರಲ್ಲಿ ಹೊರಟಾಗ ವಯಸ್ಸು 38. ಎತ್ತರ ಸುಮಾರು ಐದಡಿ. ಮನೆಯಲ್ಲಿ ಗಂಡ, ಹದಿಹರೆಯದ ಇಬ್ಬರು ಗಂಡುಮಕ್ಕಳು, ಮೂರು ವರ್ಷದ ಒಬ್ಬಳು ಮಗಳು.

ಜೆರ್ರಿ ಹುಟ್ಟಿದ್ದು 1925ರಲ್ಲಿ. ಏಳು ವರ್ಷದವಳಿದ್ದಾಗ ಹೆತ್ತವರ ಜೊತೆ ಒಮ್ಮೆ ವಿಮಾನದಲ್ಲಿ ಕುಳಿತದ್ದೇ ಕುಳಿತದ್ದು, ತಾನು ಪೈಲಟ್ ಆಗುತ್ತೇನೆ ಎಂದು ಹೇಳಿಕೊಂಡು ತಿರುಗಿದಳಂತೆ. ದೊಡ್ಡವಳಾದ ಮೇಲೆ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ವಿಮಾನ ಎಂಜಿನಿಯರಿಂಗ್‌ಗೆ ಸೇರಿದರು. 1945ರಲ್ಲಿ ಮದುವೆಯಾಯಿತು, ಓದು ಅರ್ಧಕ್ಕೆ ನಿಂತಿತು. ಇಲ್ಲಿಯವರೆಗಿನ ಕತೆ ನಮ್ಮ ಓದುಗ ಸಹೋದರಿಯರಲ್ಲಿ ಹಲವರ ಕತೆಯೇ. ಮದುವೆಯಾಗಿ ಹದಿಮೂರು ವರ್ಷ ಕಳೆದ ಮೇಲೆ, 1958ರಲ್ಲಿ ಅವರು ಪೈಲಟ್ ಲೈಸೆನ್ಸ್ ಪಡೆದರು.

ಒಂದು ಸಂಜೆ ಜೆರ್ರಿ ಗಂಡನೊಡನೆ, "ಮನೆಯಲ್ಲೇ ಇದ್ದು ಬೇಸರವಾಗಿದೆ, ಎಲ್ಲಾದರೂ ಹೋಗಬೇಕು" ಎಂದರು. ಗಂಡ ರಸೆಲ್ ತಮಾಷೆಗೆ, "ಹಾಗಾದರೆ ನಿನ್ನ ವಿಮಾನ ಹತ್ತಿ ಪ್ರಪಂಚ ಸುತ್ತಿ ಬಾ" ಎಂದರು. ಜೆರ್ರಿ ಅದನ್ನು ತಮಾಷೆ ಎಂದು ತೆಗೆದುಕೊಳ್ಳಲಿಲ್ಲ. ವಿಚಾರಿಸಿ ನೋಡಿದರೆ, ಒಬ್ಬಳೇ ವಿಮಾನ ನಡೆಸಿ ಭೂಮಿ ಸುತ್ತಿದ ಹೆಣ್ಣು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಅಮೀಲಿಯಾ ಇಯರ್‌ಹಾರ್ಟ್ 1937ರಲ್ಲಿ ಪ್ರಯತ್ನಿಸಿದ್ದರು, ಆದರೆ ಅವರ ಜೊತೆಗೆ ದಾರಿ ತೋರಿಸಲು ಫ್ರೆಡ್ ನೂನನ್ ಎಂಬವರಿದ್ದರು. ಇಬ್ಬರೂ ಆ ವರ್ಷದ ಜುಲೈ 2ರಂದು ಪೆಸಿಫಿಕ್ ಸಾಗರದ ಮೇಲೆ ಕಾಣೆಯಾದರು. ಆ ಯಾತ್ರೆಯ ಸುದ್ದಿಯನ್ನು ಬಾಲಕಿ ಜೆರ್ರಿ ರೇಡಿಯೋದಲ್ಲಿ ಕೇಳಿದ್ದಳು.

ಮೊದಲು ಕಾಗದ, ಆಮೇಲೆ ಆಕಾಶ

ವಿಮಾನ ಹಾರಿಸುವುದು ಸಾಹಸ ಎಂದು ನಾವು ಭಾವಿಸುತ್ತೇವೆ. ಗಡಿ ದಾಟುವ ವಿಷಯದಲ್ಲಿ ದೊಡ್ಡ ಕೆಲಸ ನಡೆಯುವುದು ಮಾತ್ರ ಮೇಜಿನ ಮುಂದೆ. ಜೆರ್ರಿಯ ತಯಾರಿಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಅದರಲ್ಲಿ ಬಹುಪಾಲು ಹೋದದ್ದು ಪತ್ರ ಬರೆಯುವುದರಲ್ಲಿ, ರಾಯಭಾರಿ ಕಚೇರಿಗಳಿಂದ ವೀಸಾ ಪಡೆಯುವುದರಲ್ಲಿ, ನಕ್ಷೆಗಳನ್ನು ಕೂಡಿಸುವುದರಲ್ಲಿ.

ಇಷ್ಟೆಲ್ಲ ಏಕೆ ಬೇಕು? ಆ ಹುಡುಗಿಯ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ. 1944ರ ಡಿಸೆಂಬರ್ 7ರಂದು ಅಮೆರಿಕದ ಷಿಕಾಗೋ ನಗರದಲ್ಲಿ 52 ದೇಶಗಳು ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಭಾರತವೂ ಅದರಲ್ಲಿತ್ತು. ಒಪ್ಪಂದದ ಮೊದಲನೇ ಕಲಮು ಹೇಳುವುದು ಇಷ್ಟೇ: ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಅಧಿಕಾರ ಉಂಟು. ಹಾಗಾಗಿ ನಕ್ಷೆಯ ಗೆರೆ ನೆಲದಲ್ಲಿ ಮುಗಿಯುವುದಿಲ್ಲ, ಮೇಲಕ್ಕೂ ಹೋಗುತ್ತದೆ.

ಸ್ವಂತ ಸಣ್ಣ ವಿಮಾನದಲ್ಲಿ ಬೇರೆ ದೇಶಕ್ಕೆ ಹೋಗುವವರ ಚೀಲದಲ್ಲಿ ಏನೇನಿರಬೇಕು ಎಂದು ನೋಡಿದರೆ, ನಮ್ಮಲ್ಲಿ ಹಜ್ಜ್‌ಗೆ ಹೊರಡುವವರು ಕೊರಳಿಗೆ ತೂಗಿಹಾಕಿಕೊಳ್ಳುವ ಆ ಚೀಲ ಏನೇನೂ ಅಲ್ಲ ಎನಿಸುತ್ತದೆ. ಪೈಲಟನ ಪಾಸ್‌ಪೋರ್ಟ್ ಮತ್ತು ಲೈಸೆನ್ಸ್ ಸರಿ. ವಿಮಾನಕ್ಕೂ ಅದರದೇ ಕಾಗದಗಳು ಬೇಕು: ನೋಂದಣಿ ಪತ್ರ, ಹಾರಲು ಯೋಗ್ಯವಾಗಿದೆ ಎಂಬ ಪ್ರಮಾಣಪತ್ರ, ಅದರಲ್ಲಿರುವ ರೇಡಿಯೋದ ಲೈಸೆನ್ಸ್, ವಿಮೆ. ದಾರಿಯ ದೇಶಗಳಿಂದ ಬಂದ ಅನುಮತಿಯ ಸಂಖ್ಯೆಗಳು. ಎಷ್ಟು ಗಂಟೆಗೆ ಹೊರಟು ಯಾವ ದಾರಿಯಲ್ಲಿ ಎಲ್ಲಿಗೆ ಹೋಗುತ್ತೇವೆ, ಟ್ಯಾಂಕಿನಲ್ಲಿ ಎಷ್ಟು ಗಂಟೆಯ ಇಂಧನ ಇದೆ ಎಂದು ಬರೆದುಕೊಡುವ ಫ್ಲೈಟ್ ಪ್ಲಾನ್. ಮತ್ತೆ 'ಜನರಲ್ ಡಿಕ್ಲರೇಷನ್' ಎಂಬ ಒಂದು ನಮೂನೆ. ವಿಮಾನದಲ್ಲಿ ಎಷ್ಟು ಸಿಬ್ಬಂದಿ, ಎಷ್ಟು ಪ್ರಯಾಣಿಕರು, ಏನು ಸರಕು, ಯಾರಿಗಾದರೂ ಕಾಯಿಲೆ ಉಂಟೇ ಎಂದೆಲ್ಲ ಅದರಲ್ಲಿ ಬರೆಯಬೇಕು. ಒಬ್ಬರೇ ಇದ್ದರೂ ಬರೆಯಬೇಕು.

ಇಳಿಯುವುದೂ ಮನಸ್ಸು ಬಂದಲ್ಲಿ ಅಲ್ಲ. ಸುಂಕದವರು, ಪಾಸ್‌ಪೋರ್ಟ್ ನೋಡುವವರು ಇರುವ ವಿಮಾನ ನಿಲ್ದಾಣದಲ್ಲೇ ಮೊದಲು ಇಳಿಯಬೇಕು. ಈಗ ಭಾರತದೊಳಗೆ ಬರುವ ವಿಮಾನಕ್ಕೆ ವಾಯುಸೇನೆಯ ಕಡೆಯಿಂದ 'ಏರ್ ಡಿಫೆನ್ಸ್ ಕ್ಲಿಯರೆನ್ಸ್' ಎಂಬ ಸಂಖ್ಯೆಯೂ ಬೇಕು. ಅದಿಲ್ಲದಿದ್ದರೆ ರಾಡಾರಿನಲ್ಲಿ ಕಾಣುವ ಆ ಚುಕ್ಕೆ ಸ್ನೇಹಿತನದೋ ಶತ್ರುವಿನದೋ ಎಂದು ಕೆಳಗಿರುವವರಿಗೆ ಹೇಗೆ ಗೊತ್ತಾಗಬೇಕು?

ಇದನ್ನೆಲ್ಲ ಬದಿಗಿಟ್ಟು ಗಡಿ ದಾಟಿದವನೂ ಒಬ್ಬನಿದ್ದಾನೆ. 1987ರ ಮೇ 28ರಂದು ಪಶ್ಚಿಮ ಜರ್ಮನಿಯ 18 ವರ್ಷದ ಮಥಿಯಾಸ್ ರುಸ್ಟ್ ಎಂಬ ಹುಡುಗ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಒಂದು ಸೆಸ್ನಾ ವಿಮಾನದಲ್ಲಿ ಹೊರಟು, ಯಾರ ಅಪ್ಪಣೆಯೂ ಇಲ್ಲದೆ ಸೋವಿಯತ್ ದೇಶದೊಳಗೆ ನುಗ್ಗಿ, ಮಾಸ್ಕೋದ ಕೆಂಪು ಚೌಕದ ಪಕ್ಕದಲ್ಲೇ ಇಳಿದ. ಯಾರೂ ಹೊಡೆದುರುಳಿಸಲಿಲ್ಲ ಎಂಬುದು ಅವನ ಅದೃಷ್ಟ. ಅವನು ವರ್ಷಕ್ಕೂ ಹೆಚ್ಚು ಕಾಲ ಸೆರೆಮನೆಯಲ್ಲಿದ್ದ, ಆ ದೇಶದ ರಕ್ಷಣಾ ಮಂತ್ರಿ ಕುರ್ಚಿ ಕಳಕೊಂಡರು. ಪತ್ರಿಕೆಗಳು ಆ ಹುಡುಗನನ್ನು ವೀರನಂತೆ ಬರೆದವು. ನನಗಂತೂ ವರ್ಷಗಟ್ಟಲೆ ಅರ್ಜಿ ಬರೆದು, ಉತ್ತರಕ್ಕೆ ಕಾದು, ಬಾಗಿಲು ತಟ್ಟಿ ಒಳಗೆ ಹೋದ ಆ ಗೃಹಿಣಿಯೇ ಹೆಚ್ಚು ಧೈರ್ಯವಂತೆ ಎನಿಸುತ್ತದೆ.

ಸೀಟಿನ ಜಾಗದಲ್ಲಿ ಟ್ಯಾಂಕ್

ಜೆರ್ರಿಯ ವಿಮಾನ ಸೆಸ್ನಾ 180. ಒಂದೇ ಎಂಜಿನ್, ನಾಲ್ಕು ಸೀಟು. 1953ರಲ್ಲಿ ತಯಾರಾದದ್ದು, ಎಂದರೆ ಹೊರಡುವಾಗಲೇ ಅದಕ್ಕೆ 11 ವರ್ಷ. ಪೈಲಟಿನ ಸೀಟೊಂದನ್ನು ಬಿಟ್ಟು ಉಳಿದ ಮೂರನ್ನೂ ತೆಗೆದು ಆ ಜಾಗದಲ್ಲಿ ಪೆಟ್ರೋಲಿನ ದೊಡ್ಡ ಟ್ಯಾಂಕುಗಳನ್ನು ಕೂರಿಸಿದರು. ಸಮುದ್ರದ ಮಧ್ಯೆ ಬಂಕ್ ಇರುವುದಿಲ್ಲವಲ್ಲ! ಪೆಟ್ರೋಲಿನ ಟ್ಯಾಂಕುಗಳನ್ನು ಬೆನ್ನಿಗೆ ಇಟ್ಟುಕೊಂಡೇ ಅವರು ಅಷ್ಟು ದೂರ ಕುಳಿತರು. ಪೈಲಟ್ ಪೋಷಾಕು ಏನೂ ಇಲ್ಲ. ಸ್ಕರ್ಟು, ಬ್ಲೌಸು, ಹೀಲ್ಸಿನ ಚಪ್ಪಲಿ. ಚಿಕ್ಕ ಮಗಳನ್ನೂ ಮನೆಯನ್ನೂ ಅತ್ತೆಯ ಕೈಗೆ ಒಪ್ಪಿಸಿದ್ದರು. ಪತ್ರಿಕೆಗಳು ಅವರನ್ನು 'ಹಾರುವ ಗೃಹಿಣಿ' ಎಂದು ಕರೆದವು. ಆ ಅತ್ತೆಯ ಬಗ್ಗೆ ಮಾತ್ರ ಯಾರೂ ಹೆಚ್ಚು ಬರೆಯಲಿಲ್ಲ.

1964ರ ಮಾರ್ಚ್ 19ರಂದು ಕೊಲಂಬಸ್‌ನಿಂದ ಹೊರಟರು. ನೆಲ ಬಿಟ್ಟ ಸ್ವಲ್ಪ ಹೊತ್ತಿಗೇ ದೂರದವರೊಡನೆ ಮಾತಾಡುವ ರೇಡಿಯೋ ಮೂಕವಾಗಿದೆ ಎಂದು ಗೊತ್ತಾಯಿತು. ಅದರ ತಂತಿಯೊಂದು ಬಿಚ್ಚಿಕೊಂಡೇ ಇತ್ತು ಎಂಬುದು ಆಮೇಲೆ ತಿಳಿಯಿತು. ಬರ್ಮುಡಾ ದ್ವೀಪದಲ್ಲಿ ಹವೆ ಕೆಟ್ಟು ಸುಮಾರು ಒಂದು ವಾರ ಕಾಯಬೇಕಾಯಿತು. ಅಟ್ಲಾಂಟಿಕ್ ದಾಟುವಾಗ ರೆಕ್ಕೆಗಳ ಮೇಲೆ ಮಂಜು ಹೆಪ್ಪುಗಟ್ಟಿತು. ಮಂಜು ಕೂತರೆ ವಿಮಾನದ ಭಾರ ಹೆಚ್ಚುತ್ತದೆ, ರೆಕ್ಕೆಯ ಆಕಾರ ಕೆಡುತ್ತದೆ, ಎತ್ತಿ ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಅದನ್ನೂ ದಾಟಿ ಅಝೋರ್ಸ್ ದ್ವೀಪಗಳಲ್ಲಿ ಇಳಿದು, ಅಲ್ಲಿಂದ ಮೊರೊಕ್ಕೋದ ಕಾಸಾಬ್ಲಾಂಕಾ ತಲುಪಿದರು.

ಅಲ್ಲಿಂದ ಮುಂದಿನ ದಾರಿ ಹೆಚ್ಚಾಗಿ ಮುಸ್ಲಿಂ ನಾಡುಗಳದು: ಮೊರೊಕ್ಕೋ, ಅಲ್ಜೀರಿಯಾ, ಲಿಬಿಯಾ, ಈಜಿಪ್ಟ್, ಸೌದಿ ಅರೇಬಿಯ, ಪಾಕಿಸ್ತಾನ. ಲಿಬಿಯಾದ ಮರುಭೂಮಿಯ ಮೇಲೆ ಹಾರುವಾಗ ಸುಟ್ಟ ವಾಸನೆ ಬಂತು. ರೇಡಿಯೋದ ಉದ್ದ ತಂತಿಯನ್ನು ಹೊರಗೆ ಬಿಡುವ ಮೋಟಾರು ನಿಲ್ಲದೆ ತಿರುಗಿ ಕೆಂಡದಂತೆ ಕಾದಿತ್ತು. ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕು. ಜೆರ್ರಿ ಅದರ ಸ್ವಿಚ್ಚು ಆರಿಸಿ, ಅದು ತಣ್ಣಗಾಗುವವರೆಗೆ ಕಾಯುತ್ತಾ ಹಾರಿದರು. ಮಾಡಲು ಬೇರೇನೂ ಇರಲಿಲ್ಲ.

ಈಜಿಪ್ಟಿನಲ್ಲಿ ಆದದ್ದು ಇನ್ನೊಂದು. ಕತ್ತಲಾಗುತ್ತಾ ಬಂದಿತ್ತು. ಕೆಳಗೆ ರನ್‌ವೇಯ ದೀಪ ಕಂಡಿತು. ಕೈರೋ ಬಂತೆಂದು ಇಳಿದರು. ಅದು ಕೈರೋ ಅಲ್ಲ, ಇನ್ಶಾಸ್ ಎಂಬ ಮಿಲಿಟರಿ ವಿಮಾನ ನೆಲೆ! ಬಂದೂಕು ಹಿಡಿದ ಸೈನಿಕರು ವಿಮಾನವನ್ನು ಸುತ್ತುವರಿದರು. ಅಪ್ಪಣೆ ಇಲ್ಲದ ಕಡೆ ಇಳಿದ ಪರದೇಶಿ, ಅದೂ ರಾತ್ರಿ ಹೊತ್ತು. ಆಗ ನೆರವಿಗೆ ಬಂದದ್ದು ಜೆರ್ರಿಯ ಕಾಗದಗಳೇ. ಈ ಹೆಂಗಸು ನಿಜಕ್ಕೂ ದಾರಿ ತಪ್ಪಿದವಳು, ಗೂಢಚಾರಿಣಿಯಲ್ಲ ಎಂದು ಅಧಿಕಾರಿಗಳಿಗೆ ಮನವರಿಕೆಯಾದ ಮೇಲೆ ಅದೇ ರಾತ್ರಿ ಕೈರೋಗೆ ಹಾರಲು ಬಿಟ್ಟರು.

"ಗಂಡಸಿಲ್ಲ!"

ಕೈರೋದಿಂದ ಸೌದಿಯ ದಹ್ರಾನ್. ನಮ್ಮ ಕರಾವಳಿಯ ಎಷ್ಟೋ ಮನೆಗಳಿಗೆ ದಮ್ಮಾಮ್, ದಹ್ರಾನ್, ಖೋಬರ್ ಎಂಬ ಹೆಸರುಗಳು ಪಕ್ಕದ ಊರಿನ ಹೆಸರುಗಳಷ್ಟೇ ಪರಿಚಿತ. 1964ರ ಏಪ್ರಿಲ್ ಆರಂಭದ ಆ ದಹ್ರಾನ್ ಬೇರೆ. ಸೌದಿಯಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಶಾಲೆಗಳು ಶುರುವಾದದ್ದೇ 1960ರಲ್ಲಿ. ಹೆಂಗಸರು ಕಾರು ಓಡಿಸುವುದಂತೂ ಇರಲೇ ಇಲ್ಲ. ಇಯರ್‌ಹಾರ್ಟ್ ಕೂಡ 1937ರಲ್ಲಿ ಕೆಂಪು ಸಮುದ್ರದ ಆಚೆಯ ದಡದಿಂದ ಹೊರಟು ಅರೇಬಿಯದಲ್ಲಿ ಎಲ್ಲೂ ಇಳಿಯದೆ ನೇರ ಕರಾಚಿಗೆ ಹೋಗಿದ್ದರು.

ಆ ನೆಲದಲ್ಲಿ ಒಂದು ಪುಟ್ಟ ವಿಮಾನ ಬಂದು ನಿಂತಿತು. ಬಾಗಿಲು ತೆರೆದು ಸ್ಕರ್ಟು ಧರಿಸಿದ ಒಬ್ಬ ಹೆಂಗಸು ಇಳಿದಳು. ನೆರೆದಿದ್ದ ಗಂಡಸರು ಇನ್ನೂ ಯಾರೋ ಇಳಿಯಬೇಕಿದೆ ಎಂಬಂತೆ ವಿಮಾನವನ್ನೇ ನೋಡುತ್ತಾ ನಿಂತರು. ಜೆರ್ರಿಗೆ ಏನೂ ಅರ್ಥವಾಗಲಿಲ್ಲ. ಕೊನೆಗೆ ಅವರಲ್ಲೊಬ್ಬ ಮುಂದೆ ಬಂದು ವಿಮಾನದೊಳಗೆ ಇಣುಕಿದ. ಟ್ಯಾಂಕುಗಳ ಸಂದಿಯಲ್ಲೆಲ್ಲ ಕಣ್ಣಾಡಿಸಿದ. ಮತ್ತೆ ತಿರುಗಿ, ಒಳಗೆ ಗಂಡಸಿಲ್ಲ ಎಂದು ಕೂಗಿದ. ಅವನ ಮುಖದಲ್ಲಿ ನಗುವಿತ್ತು. ನೆರೆದವರೆಲ್ಲ ಚಪ್ಪಾಳೆ ತಟ್ಟಿದರು.

ಜೆರ್ರಿ ಇದನ್ನು ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಇದನ್ನು ಓದಿದಾಗಲೆಲ್ಲ ನನಗೆ ಆ ಚಪ್ಪಾಳೆಯೇ ಹೆಚ್ಚು ನೆನಪಾಗುತ್ತದೆ. ಅರಬರ ಬಗ್ಗೆ ಬರೆಯುವವರು ಆ ಇಣುಕಿ ನೋಡಿದ್ದನ್ನು ಹೇಳುತ್ತಾರೆ, ಚಪ್ಪಾಳೆಯನ್ನು ಮರೆತುಬಿಡುತ್ತಾರೆ. ಹಾಗೆಂದು ಆ ದಿನ ಚಪ್ಪಾಳೆ ತಟ್ಟಿದವರ ಮನೆಯ ಹೆಣ್ಣುಮಕ್ಕಳಿಗೆ ಏನು ಸಿಕ್ಕಿತು ಎಂದು ಕೇಳದೆ ಇರುವುದೂ ಸರಿಯಲ್ಲ. ಮಕ್ಕಾದ ಹನಾದಿ ಝಕರಿಯಾ ಅಲ್-ಹಿಂದಿ ಎಂಬ ಯುವತಿ ಜೋರ್ಡಾನಿಗೆ ಹೋಗಿ ಕಲಿತು, ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದ ಮೊದಲ ಸೌದಿ ಮಹಿಳೆಯಾದದ್ದು 2005ರಲ್ಲಿ. ಆಕೆಗೆ ಬೆಂಬಲವಾಗಿ ನಿಂತವರು ತಂದೆ. ಸ್ವದೇಶದಲ್ಲಿ ಹಾರಲು ಲೈಸೆನ್ಸ್ ಸಿಕ್ಕಿದ್ದು 2014ರಲ್ಲಿ. ಆಗಲೂ ವಿಮಾನ ನಡೆಸಬಲ್ಲ ಆಕೆ ನಿಲ್ದಾಣದಿಂದ ಮನೆಗೆ ಕಾರು ಓಡಿಸುವಂತಿರಲಿಲ್ಲ. ಆ ನಿಷೇಧ ಹೋದದ್ದು 2018ರ ಜೂನ್ 24ರಂದು.

ನಮ್ಮ ಉಪಖಂಡದ ಮುಸ್ಲಿಂ ಮನೆಗಳಿಗೆ ಮಹಿಳಾ ಪೈಲಟ್ ಹೊಸಬಳೇನಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ. ಹೈದರಾಬಾದಿನಲ್ಲಿ ಹುಟ್ಟಿದ ಉರ್ದು ಕತೆಗಾರ್ತಿ ಹಿಜಾಬ್ ಇಮ್ತಿಯಾಝ್ ಅಲಿ 1936ರಲ್ಲೇ ಲಾಹೋರಿನಲ್ಲಿ ಲೈಸೆನ್ಸ್ ಪಡೆದಿದ್ದರು. 'ಅನಾರ್ಕಲಿ' ನಾಟಕ ಬರೆದ ಇಮ್ತಿಯಾಝ್ ಅಲಿ ತಾಜ್ ಅವರ ಪತ್ನಿ. ಮೇಜಿನ ಮೇಲೆ ಕತೆ, ಹೊರಗೆ ವಿಮಾನ.

ನೋಡಲು ಹೊರಟವಳು ಓಡಬೇಕಾಯಿತು

ಈ ಯಾತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಮಂಜೂ ಅಲ್ಲ, ಮೋಟಾರೂ ಅಲ್ಲ. ಜೆರ್ರಿ ಹೊರಟದ್ದು ಪ್ರಪಂಚ ನೋಡಲು. ಆದರೆ ಅವರು ಹೊರಡುವ ಎರಡೇ ದಿನ ಮೊದಲು, ಮಾರ್ಚ್ 17ರಂದು, ಜೋನ್ ಮೆರಿಯಮ್ ಸ್ಮಿತ್ ಎಂಬ ಇನ್ನೊಬ್ಬ ಅಮೆರಿಕನ್ ಮಹಿಳೆ ಕ್ಯಾಲಿಫೋರ್ನಿಯಾದಿಂದ ಎರಡು ಎಂಜಿನ್‌ಗಳ ವಿಮಾನದಲ್ಲಿ ಇಯರ್‌ಹಾರ್ಟ್ ಅವರ ಹಳೆಯ ದಾರಿ ಹಿಡಿದು ಒಬ್ಬರೇ ಹೊರಟಿದ್ದರು. ಯಾರು ಮೊದಲು ಎಂಬ ಸ್ಪರ್ಧೆ ಶುರುವಾಯಿತು. ಮನೆಯಿಂದ ರಸೆಲ್ ಅವರ ಫೋನು ಬರುವುದು ಆರೋಗ್ಯ ವಿಚಾರಿಸಲು ಅಲ್ಲ, ಜೋನ್ ಎಲ್ಲಿ ತಲುಪಿದ್ದಾಳೆ ಎಂದು ಹೇಳಿ ಅವಸರಪಡಿಸಲು ಎಂಬಂತಾಯಿತು. ಜೆರ್ರಿಗೆ ಸಿಟ್ಟು ಬರುತ್ತಿತ್ತು. ಹವೆ ಸರಿಯಿಲ್ಲ, ನಿದ್ದೆಯಿಲ್ಲ, ಊರು ನೋಡಲು ಸಮಯವಿಲ್ಲ. ಮನೆಯಲ್ಲಿ ಕುಳಿತು ಬೇಗ ಹೋಗು ಎನ್ನುವವರಿಗೆ ರೆಕ್ಕೆಯ ಮೇಲಿನ ಮಂಜು ಕಾಣುವುದಿಲ್ಲ. ರಸೆಲ್ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಣ, ವೇಳಾಪಟ್ಟಿ, ಪತ್ರಿಕೆಯವರು ಎಲ್ಲವನ್ನೂ ನೋಡಿಕೊಂಡವರು ಅವರೇ. ಆದರೂ ಹೆಂಡತಿಯ ಕನಸು ಗಂಡನ ಗಡಿಯಾರಕ್ಕೆ ಸಿಕ್ಕಿಕೊಂಡದ್ದು ನಿಜ.

ಕರಾಚಿ, ದೆಹಲಿ, ಕಲ್ಕತ್ತಾ. ನಮ್ಮ ದೇಶದಲ್ಲೂ ಇಳಿದು ಹೋದರು, ಆದರೆ ಉಳಿದದ್ದು ಎಷ್ಟು ಹೊತ್ತು! ಬ್ಯಾಂಕಾಕ್‌ನಿಂದ ಮನಿಲಾಕ್ಕೆ ಹೋಗುವ ದಾರಿಯಲ್ಲಿ ಕೆಳಗೆ ವಿಯೆಟ್ನಾಮ್ ಇತ್ತು, ಅಲ್ಲಿ ಯುದ್ಧ ನಡೆಯುತ್ತಿತ್ತು. ಮುಂದೆ ಗುವಾಮ್, ವೇಕ್ ದ್ವೀಪ, ಹೊನೊಲುಲು. ಪೆಸಿಫಿಕ್‌ನಲ್ಲಿ ಸಾವಿರಾರು ಕಿಲೋಮೀಟರು ನೀರಿನ ಮಧ್ಯೆ ಚುಕ್ಕೆಯಷ್ಟಿರುವ ದ್ವೀಪವನ್ನು ದಿಕ್ಸೂಚಿ, ಗಡಿಯಾರ, ರೇಡಿಯೋ ಇಟ್ಟುಕೊಂಡು ಹುಡುಕಬೇಕು. ಇಯರ್‌ಹಾರ್ಟ್‌ಗೆ ಸಿಗದೆ ಹೋದದ್ದೂ ಅಂಥದ್ದೇ ಒಂದು ದ್ವೀಪ. ಹೊನೊಲುಲುವಿನಿಂದ ಅಮೆರಿಕದ ಓಕ್‌ಲೆಂಡ್‌ಗೆ ಒಂದೇ ಉಸಿರಿನಲ್ಲಿ 17 ಗಂಟೆಗೂ ಹೆಚ್ಚು ಹಾರಿದರು.

1964ರ ಏಪ್ರಿಲ್ 17ರ ರಾತ್ರಿ ಕೊಲಂಬಸ್‌ನಲ್ಲಿ ಇಳಿದಾಗ ಸಾವಿರಾರು ಜನ ಸೇರಿದ್ದರು. 29 ದಿನ, 11 ಗಂಟೆ, 59 ನಿಮಿಷ. ಸುಮಾರು 37 ಸಾವಿರ ಕಿಲೋಮೀಟರ್. ಮೇ 4ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಚಿನ್ನದ ಪದಕ ಕೊಟ್ಟರು. ಜೋನ್ ಸ್ಮಿತ್ ತಮ್ಮ ಸುತ್ತು ಮುಗಿಸಿದ್ದು ಮೇ 12ರಂದು. ಅವರ ದಾರಿ ಇನ್ನೂ ಉದ್ದದ್ದು, ಧೈರ್ಯವೇನೂ ಕಡಿಮೆಯದಲ್ಲ. ಮುಂದಿನ ವರ್ಷ ಫೆಬ್ರವರಿಯಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಎರಡನೆಯವರ ಹೆಸರು ಯಾರಿಗೂ ನೆನಪಿಲ್ಲ.

ಜೆರ್ರಿಗೆ ಭಾಷಣ, ಸನ್ಮಾನ ಇಷ್ಟವಿರಲಿಲ್ಲ. ಗಂಟೆಗಟ್ಟಲೆ ಒಬ್ಬಳೇ ಕುಳಿತು ಹಾರಬಲ್ಲವಳಿಗೆ ಸದಾ ಜನರ ಮಧ್ಯೆ ಇರುವುದು ಹೇಗೆ ಹಿಡಿಸೀತು ಎಂಬ ಅರ್ಥದ ಮಾತನ್ನು ಹೇಳಿದ್ದರು. 1969ರಲ್ಲಿ ಒಂದು ವಿಮಾನವನ್ನು ಪೆಸಿಫಿಕ್ ದಾಟಿಸಿ ಪಪುವಾ ನ್ಯೂಗಿನಿಯವರೆಗೆ ತಾವೇ ನಡೆಸಿಕೊಂಡು ಹೋಗಿ ಅಲ್ಲಿನ ಕ್ರೈಸ್ತ ಮಿಷನರಿಯೊಬ್ಬರ ಸೇವಾಕಾರ್ಯಕ್ಕೆ ದಾನ ಕೊಟ್ಟರು. ಆಮೇಲೆ ವಿಮಾನದ ಖರ್ಚು ಕೈಗೆಟುಕದೆ ಹಾರುವುದನ್ನೇ ಬಿಟ್ಟರು. 2014ರ ಸೆಪ್ಟೆಂಬರ್ 30ರಂದು ಫ್ಲೋರಿಡಾದಲ್ಲಿ ತೀರಿಕೊಂಡಾಗ 88 ವರ್ಷ.

ಅವರ ದಾರಿಯಲ್ಲಿ ಅನಂತರ ಹಲವರು ಹೋದರು. ನಮ್ಮ ಮುಂಬೈಯ ಆರೋಹಿ ಪಂಡಿತ್ 2019ರ ಮೇ ತಿಂಗಳಲ್ಲಿ ಅತಿ ಹಗುರದ ಪುಟ್ಟ ವಿಮಾನದಲ್ಲಿ ಸ್ಕಾಟ್‌ಲೆಂಡಿನಿಂದ ಐಸ್‌ಲೆಂಡ್, ಗ್ರೀನ್‌ಲೆಂಡ್ ಮೂಲಕ ಕೆನಡಾಕ್ಕೆ ಒಬ್ಬರೇ ಹೋದರು. 2017ರಲ್ಲಿ ಒಂದೇ ಎಂಜಿನ್‌ನ ವಿಮಾನದಲ್ಲಿ ಭೂಮಿ ಸುತ್ತಿದ ಶಾಯಿಸ್ತಾ ವಾಯಿಝ್ ಅಫ್ಘಾನ್ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವರು. ಹಸುಗೂಸಾಗಿದ್ದಾಗಲೇ ಹೆತ್ತವರ ಜೊತೆ ಅಮೆರಿಕ ಸೇರಿದವರು. ಐದು ಮಂದಿ ಸಹೋದರಿಯರು. ಮೊದಲು ವಿಮಾನವೆಂದರೆ ಹೆದರುತ್ತಿದ್ದರಂತೆ. ಆ ವರ್ಷ ಮೇ ತಿಂಗಳಲ್ಲಿ ಫ್ಲೋರಿಡಾದಿಂದ ಹೊರಟು ಅಕ್ಟೋಬರ್ 4ರಂದು ಅಲ್ಲಿಗೇ ಮರಳಿದರು.

ಯಾತ್ರೆಯ ಮಧ್ಯೆ ಜುಲೈಯಲ್ಲಿ ಅವರು ಕಾಬೂಲಿಗೂ ಹೋದರು. ದೇಶ ದೇಶ ದಾಟಿ ಬಂದ ತಮ್ಮ ವಿಮಾನದಲ್ಲಿ ಅಲ್ಲ. ಅಲ್ಲಿನ ಅಪಾಯದ ಕಾರಣ ಅದನ್ನು ದಾರಿಯಲ್ಲೇ ಬಿಟ್ಟು, ಎಲ್ಲರಂತೆ ಟಿಕೆಟ್ ತೆಗೆದು, ಪ್ರಯಾಣಿಕರ ವಿಮಾನದಲ್ಲಿ ಕುಳಿತು ಹೋದರು. ಹುಟ್ಟಿದ ನಾಡಿನ ಗೆರೆಯೊಂದನ್ನು ಮಾತ್ರ ಅವರ ಪುಟ್ಟ ವಿಮಾನ ದಾಟಲಿಲ್ಲ.

ಜೆರ್ರಿಯ ಆ ಹಳೆಯ ಸೆಸ್ನಾ ಈಗ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಚಿತ್ರವನ್ನು ಮುದ್ರಿಸಿಕೊಂಡು ಹೋಗಿ ತರಗತಿಯ ಭೂಪಟದ ಪಕ್ಕದಲ್ಲಿ ಅಂಟಿಸಿದೆ. ಹಿಂದಿನ ಬೆಂಚಿನ ಹುಡುಗಿ ಹತ್ತಿರ ಬಂದು ನೋಡಿದಳು. "ಇಷ್ಟು ಚಿಕ್ಕದಾ ಟೀಚರ್? ನಮ್ಮ ಓಮ್ನಿಯ ಹಾಗೆ ಉಂಟು" ಎಂದಳು. ಮತ್ತೆ ಕೊಲಂಬಸ್ ಎಲ್ಲಿ, ದಹ್ರಾನ್ ಎಲ್ಲಿ ಎಂದು ಕೇಳಿ, ಗೆರೆಗಳನ್ನು ಬೆರಳಿನಲ್ಲಿ ಎಣಿಸತೊಡಗಿದಳು.